ಕಾಳಿನ ಕೋಣೆಯ ಮಣ್ಣು

ಗೌರಾಬಾಯಿ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದದ್ದನ್ನು ಅತ್ತೆ ಗುರುಸಿದ್ದವ್ವ ಒಲೆಯ ಮುಂದಿನಿಂದಲೇ ನೋಡಿದಳು.

"ಯಾಕ ಬೇ, ರೊಟ್ಟಿ ಕಹಿ ಆಗ್ಯಾವೇನು?"

"ಇಲ್ರಿ ಅತ್ಯಾರ. ಸಾಕಾತು."

"ನಿನಗ ಸಾಕಾತು. ಒಳಗಿನ ಜೀವಕ್ಕ ಸಾಕಾತೇನು ಅಂತ ಕೇಳಿದೇನು? ಎರಡು ಜೀವದಾಕಿ ಬೆಕ್ಕಿನ ಊಟಾ ಮಾಡ್ತಿ."

"ಯವ್ವ, ಬೆಕ್ಕು ಇದಕ್ಕಿಂತ ಹೆಚ್ಚಿಗಿ ತಿಂತೈತಿ," ಎಂದ ಮೈದುನ ಸಿದ್ದರಾಯ. "ನಿನ್ನಿ ನನ್ನ ಪಾಲಿನ ಹಾಲು ಕುಡದು ಹೋತು."

ಗಂಡ ಬಸಗೊಂಡಪ್ಪ ನಗಲಿಲ್ಲ. ಹೆಂಡತಿಯ ಮುಖವನ್ನೊಮ್ಮೆ ನೋಡಿ ತಾಟಿಗೆ ಬಗ್ಗಿದ. ಮಾವ ಗುರಲಿಂಗಪ್ಪ ಕಿರಾಣಿ ಅಂಗಡಿಯ ಚಾವಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಈ ಸಲ ಹುಷಾರಿರಬೇಕು ನೋಡ್ರಿ ಎಲ್ಲಾರೂ" ಎಂದಷ್ಟೇ ಹೇಳಿ ಹೊರಬಿದ್ದ.

ಈ ಸಲ ಎಂದರೆ ಏನೆಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬರದ ವರ್ಷದಲ್ಲಿ ಕಳ್ಳಕವಟಗಿಯಿಂದ ವಿಜಾಪುರದ ಈ ಮನೆಗೆ ಸೊಸೆಯಾಗಿ ಬಂದ ಗೌರಾಬಾಯಿಯ ಮೊದಲ ಬಸಿರು ಐದನೇ ತಿಂಗಳಲ್ಲೇ ಇಳಿದುಹೋಗಿತ್ತು. ಆಗ ಮಾತಾಡಿಸಲು ಬಂದ ಓಣಿಯ ಹೆಂಗಸರಲ್ಲಿ ಯಾರೋ ಒಬ್ಬಳು ಬಾಗಿಲಲ್ಲಿ ನಿಂತು, "ಮಣ್ಣು ತಿಂದಿರಬೇಕು. ಮಣ್ಣು ತಿನ್ನೋರಿಗೆ ಬಸಿರು ನಿಲ್ಲೂದಿಲ್ಲ" ಎಂದಿದ್ದಳು. ಗೌರಾಬಾಯಿ ಅದನ್ನು ಹಾಸಿಗೆಯಿಂದಲೇ ಕೇಳಿಸಿಕೊಂಡಿದ್ದಳು. ಆಗ ಅವಳು ಮಣ್ಣು ತಿಂದಿರಲಿಲ್ಲ.

ಈಗ ತಿನ್ನುತ್ತಿದ್ದಳು.

ನಡುಮನೆಯ ಹಿಂದೆ ಕಾಳಿನ ಕೋಣೆ. ಸೊಂಟದ ಮಟ ಕಲ್ಲು, ಮೇಲೆ ಮಣ್ಣಿನ ಗೋಡೆ, ತಲೆಯ ಮೇಲೆ ಮಣ್ಣಿನ ಮಾಳಿಗೆ. ಜೋಳದ ಕಣಜದ ಹಿಂದೆ, ಕೈಯಷ್ಟೇ ಹೋಗುವ ಸಂದಿನಲ್ಲಿ, ನೆಲದಿಂದ ಎದ್ದು ಗೋಡೆ ಹಿಡಿದು ಬೆರಳಗಲದ ಒಂದು ಮಣ್ಣಿನ ಗೆರೆ ಮೇಲಕ್ಕೆ ಹೋಗಿತ್ತು. ಗೆದ್ದಲು ಕಟ್ಟಿದ ಹಾದಿ. ಮುಟ್ಟಿದರೆ ಹುಡಿಯಾಗುವಷ್ಟು ನವಿರು. ಮೊದಲ ಸಲ ಕಾಳು ತೆಗೆಯಲು ಹೋದವಳು ಅದನ್ನು ಕೆರೆದು ಮೂಸಿದ್ದಳು. ಮುಂಗಾರಿನ ಮೊದಲ ಹನಿ ಬಿದ್ದ ಎರಿ ಮಣ್ಣಿನ ವಾಸನೆ. ಮೂಸಿದ್ದು ನಾಲಿಗೆಗೆ ಹೋಗಲು ತಡವಾಗಲಿಲ್ಲ. ಬಾಯೊಳಗೆ ಇಟ್ಟ ಕೂಡಲೇ ಬೆಳಗಿನಿಂದ ಹೊಟ್ಟೆಯೊಳಗೆ ಹೊರಳುತ್ತಿದ್ದುದೆಲ್ಲ ತೆಪ್ಪಗಾಯಿತು. ಮರುದಿನ ಹೋದರೆ, ಕೆರೆದಲ್ಲೆಲ್ಲ ಹುಳುಗಳು ಮತ್ತೆ ಹಸಿ ಮಣ್ಣು ತಂದು ಹಾದಿ ಕಟ್ಟಿದ್ದವು. ತನಗಾಗಿಯೇ ಯಾರೋ ಬಡಿಸಿಟ್ಟ ಹಾಗೆ.

ಹೇಳಲು ಬಾಯಿ ಬರಲಿಲ್ಲ. ಒಮ್ಮೆ ಗಂಡ ಪೇರಲ ಹಣ್ಣು ತಂದುಕೊಟ್ಟು, "ಏನರ ಬಯಕಿ ಇದ್ರ ಹೇಳ. ಹುಳೀದು ಬೇಕೋ, ಸೀದು ಬೇಕೋ?" ಎಂದು ಕೇಳಿದಾಗ ನಾಲಿಗೆಯ ತುದಿತನಕ ಬಂದಿತ್ತು.

"ನಕ್ಕರ ಹೇಳೂದಿಲ್ಲ," ಎಂದಳು.

"ನಗೂದಿಲ್ಲ, ಹೇಳ."

ಅವನು ಆಗಲೇ ನಗುತ್ತಿದ್ದ. "ಕಬ್ಬು," ಎಂದಳು ಗೌರಾಬಾಯಿ. ಮರುದಿನ ಒಂದು ಹೊರೆ ಕಬ್ಬು ಬಂತು. ಸಿದ್ದರಾಯ ಎರಡು ದಿನ ಕೂತು ಜಗಿದು ಮುಗಿಸಿದ.

ಶ್ರಾವಣ ಕಳೆದ ಮೇಲೆ ಸಿದ್ದರಾಯ ನಡುಮನೆಗೆ ಬಲ್ಬು ತೂಗಹಾಕಬೇಕೆಂದು ಏಣಿ ಹತ್ತಿದ. ತೊಲೆಗೆ ಮೊಳೆ ಇಟ್ಟು ಒಂದು ಪೆಟ್ಟು ಹೊಡೆದದ್ದೇ, ಮೊಳೆ ತಲೆತನಕ ಒಳಗೆ ಹೋಯಿತು. ಎಳೆದ. ಮೊಳೆಯ ಹಿಂದೆ ಕಂದು ಹಿಟ್ಟು ಉದುರಿ ಅವನ ಕಣ್ಣಿಗೇ ಬಿತ್ತು.

"ಯಪ್ಪಾ, ಇಲ್ಲಿ ಬಾ. ತೊಲಿ ಪೊಳ್ಳ ಐತಿ."

ಆ ತೊಲೆ ಗುರಲಿಂಗಪ್ಪನ ತಂದೆ ದಾಂಡೇಲಿಯಿಂದ ತರಿಸಿದ ಸಾಗವಾನಿ. ಮನೆಗೆ ಯಾರು ಬಂದರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದರ ಕಥೆ ಕೇಳಲೇಬೇಕಿತ್ತು. ಮುದುಕ ಏಣಿ ಹತ್ತಿ ಬೆರಳಿಂದ ಒತ್ತಿದ. ಮೇಲಿನ ತೊಗಟೆಯಂಥ ಪದರು ಕಾಗದದಂತೆ ಹರಿಯಿತು; ಒಳಗೆ ಬಿಳಿ ಹುಳುಗಳು ಮಿಜಿಮಿಜಿ ಎಂದವು. ತೊಲೆಯ ಒಂದು ತುದಿ ಕಾಳಿನ ಕೋಣೆಯ ಗೋಡೆಯಲ್ಲಿ ಹುಗಿದಿತ್ತು. ಎಲ್ಲರೂ ಅಲ್ಲಿಗೆ ಓಡಿದರು. ಕಣಜ ಸರಿಸಿದರು.

ಕಂದೀಲು ಎತ್ತಿ ಹಿಡಿದಾಗ ಕಂಡದ್ದು ಇಷ್ಟು: ತಲೆಗಿಂತ ಮೇಲೆ, ತೊಲೆಯ ತನಕ, ಗೆದ್ದಲಿನ ಹಾದಿ ದಪ್ಪಗೆ ಇತ್ತು. ಕೆಳಗೆ ಗೋಡೆ ಬೋಳು. ಅದರ ಕಲೆಯಷ್ಟೇ ಉಳಿದಿತ್ತು.

ಗುರಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. "ಇದನ್ನ ಯಾರೋ ದಿನಾ ಕೆರದಾರ. ಕಸಬರಿಗಿಲೆ ಬಳದು ಬಳದು ಒಗದಾರ. ಈ ಕೋಣ್ಯಾಗ ಯಾರು ಅಡ್ಡಾಡತಾರ?"

"ನಾ ಬಳದಿಲ್ರಿ," ಎಂದಳು ಗುರುಸಿದ್ದವ್ವ. "ಬಳದಿದ್ರ ನಿಮಗ ಹೇಳತಿದ್ದಿಲ್ಲೇನು? ನನ್ನ ಕಣ್ಣಿಗೆ ಬಿದ್ದಽ ಇಲ್ಲ."

"ಕಣ್ಣಿಗೆ ಬಿದ್ದಿಲ್ಲ. ಮದುವ್ಯಾಗಿ ಬಂದಾಗಿಂದ ಈ ಕೋಣಿ ಚಾವಿ ನಿನ್ನ ಸೆರಗಿನ್ಯಾಗ ಐತಿ. ಒರಲಿ ಹತ್ತಿ ತೊಲಿ ತಿಂದು ಮುಗಿಸೂತನಕ ನೀ ಏನ ನೋಡಾಕತ್ತಿದ್ದಿ?"

"ನನಗ ಸಂಜಿಮುಂದ ಸರಿ ಕಾಣೂದಿಲ್ಲ ಅಂತ ನಿಮಗೂ ಗೊತ್ತೈತಿ."

"ಕಾಣದಿದ್ರ ಚಾವಿ ಬ್ಯಾರೇವರಿಗೆ ಕೊಡು."

ಗೌರಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಗೋಡೆಯ ಬೋಳು ನಿಂತದ್ದು ಸರಿಯಾಗಿ ತನ್ನ ಕೈ ಎಟಕುವ ಮಟದಲ್ಲಿ ಎಂಬುದು ಅವಳಿಗೆ ಕಾಣುತ್ತಿತ್ತು. ಅತ್ತೆಯ ಕೈ ಅಷ್ಟು ಮೇಲೆ ಹೋಗುವುದಿಲ್ಲ. ಅವಳು ಗಿಡ್ಡ ಹೆಂಗಸು. ಯಾರಾದರೂ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ನೋಡಿದರೆ ಸಾಕಿತ್ತು. ಯಾರೂ ನೋಡಲಿಲ್ಲ. ಗುರುಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಚಾವಿಯನ್ನು ಸೊಸೆಯ ಕೈಗೆ ಹಾಕಿದಳು.

ಅಂದಿನಿಂದ ಮುದುಕ ಹೆಂಡತಿಯೊಡನೆ ಮಾತು ಬಿಟ್ಟ. ಊಟಕ್ಕೆ ಕೂತು, "ಗೌರವ್ವ, ಪಲ್ಯ ಹಾಕು" ಎನ್ನುವನು. ಪಲ್ಯದ ಪಾತ್ರೆ ಗುರುಸಿದ್ದವ್ವನ ಕೈಯಲ್ಲೇ ಇರುತ್ತಿತ್ತು. ಅವಳು ಅದನ್ನು ಸೊಸೆಗೆ ಕೊಡುವಳು, ಸೊಸೆ ಬಡಿಸುವಳು. ಬಸಗೊಂಡಪ್ಪ ಒಮ್ಮೆ, "ಯಪ್ಪಾ, ಆತು ಹೋತು, ಬಿಡು" ಎಂದ. "ನೀ ಸುಮ್ಮನ ಉಣ್ಣು," ಎಂದು ಬಂತು ಉತ್ತರ.

ಸಿದ್ದರಾಯ ಸ್ಟೇಷನ್ ರಸ್ತೆಯ ಗೊಬ್ಬರ-ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಒಂದು ಡಬ್ಬಿ ಪುಡಿ ತಂದ. ಬೂದಿಯ ಬಣ್ಣ, ಬಾಯಿ ತೆರೆದರೆ ಮನೆಯೆಲ್ಲ ಮುಗ್ಗು ನಾರುವ ಜಾತಿ. ಕಾಳೆಲ್ಲ ಪಡಸಾಲೆಗೆ ಬಂತು. ಅಣ್ಣತಮ್ಮ ಇಬ್ಬರೂ ಗೋಡೆಗುಂಟ ನೆಲ ಅಗೆದು, ಪುಡಿ ಬೆರೆಸಿ, ಮುಚ್ಚಿ, ಮೊಣಕಾಲ ಮಟ ಪುಡಿ ಕಲಸಿದ ಮಣ್ಣು ಮೆತ್ತಿದರು. ತೊಲೆಯ ಪೊಳ್ಳು ತುದಿಯನ್ನು ಕೆತ್ತಿ, ಉಳಿದ ಗಟ್ಟಿ ಭಾಗಕ್ಕೆ ಕೆಳಗಿಂದ ಒಂದು ಕಂಬ ಕೊಟ್ಟರು.

"ವೈನಿ, ಇದು ಒಣಗೂತನಕ ಈ ಕೋಣ್ಯಾಗ ನೀವು ಕಾಲಿಡಬ್ಯಾಡ್ರಿ," ಎಂದ ಸಿದ್ದರಾಯ. "ಯವ್ವ, ನೀನೂ ಕೇಳು. ಇದನ್ನ ಮುಟ್ಟಿದ ಕೈ ಹಿಟ್ಟಿಗೆ ಹತ್ತಬಾರದು. ವಿಷ ಐತಿ."

"ಕೇಳಿಸೇತಪ. ಕಣ್ಣು ಹೋಗ್ಯಾವು, ಕಿವಿ ಅದಾವ," ಎಂದಳು ಗುರುಸಿದ್ದವ್ವ.

ಉಳಿದ ಪುಡಿಯನ್ನು ಡಬ್ಬಿ ಸಮೇತ ಹಿತ್ತಿಲ ಗೂಡಿನಲ್ಲಿ ಇಟ್ಟರು.

ಗೌರಾಬಾಯಿ ಮಣ್ಣು ಬಿಟ್ಟಳು. ಬಿಡುವುದು ಎಂದರೆ ಬಾಯಿಗೆ ಹಾಕದಿರುವುದಷ್ಟೇ, ಉಳಿದದ್ದು ಬಿಡಲಿಲ್ಲ. ಸುಟ್ಟ ಜೀರಿಗೆ ಬಾಯಲ್ಲಿ ಇಟ್ಟುಕೊಂಡಳು. ಹುಣಸೆಬೀಜ ಹುರಿದು ಕಡಿದಳು. ನೀರು ಹೊಡೆದ ಅಂಗಳದ ವಾಸನೆ ಬಂದರೆ ಒಳಗೆ ಹೋಗಿ ಸೆರಗು ಮೂಗಿಗೆ ಒತ್ತಿಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯ ಸಬೀರಾ ಒಂದು ಮಧ್ಯಾಹ್ನ ಅವಳ ಬಾಡಿದ ಮುಖ ನೋಡಿ ತನ್ನ ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ನನಗ ಬಸುರಿದ್ದಾಗ ಏನ್ ಚಟಾ ಇತ್ತು ಗೊತ್ತೇನು? ನಮ್ಮ ಒಲಿ ಅರ್ಧಾ ತಿಂದು ಮುಗಿಸಿದ್ದೆ. ನಮ್ಮ ಮನೆಯಾಂವ ಇಲಿ ಕೆರ್ಯಾಕತ್ತಾವು ಅಂತ ಬೋನು ತಂದಿಟ್ಟಿದ್ದ. ಬೋನಿನ್ಯಾಗ ರೊಟ್ಟಿ ಇಟ್ಟಿದ್ದ, ನಾ ಅದನ್ನ ಮುಟ್ಟಲಿಲ್ಲ."

ಗೌರಾಬಾಯಿ ಎಷ್ಟೋ ದಿನದ ಮೇಲೆ ನಕ್ಕಳು. ನಕ್ಕು, "ಕೂಸಿಗೆ ಏನೂ ಆಗಲಿಲ್ಲೇನು?" ಎಂದಳು.

"ಏನಾಗತೈತಿ? ಅಲ್ಲಿ ನೋಡು, ಕುದುರಿಯಂಗ ಓಡ್ಯಾಡಾಕತ್ತೈತಿ. ಯಾಕ, ನಿನಗೂ ಐತೇನು?"

"ಇಲ್ಲಪ," ಎಂದಳು ಗೌರಾಬಾಯಿ.

ಏಳು ತಿಂಗಳಿಗೆ ಬಸುರಿಗೆ ಕುಬಸ ತೊಡಿಸುವ ಶಾಸ್ತ್ರ ಗೊತ್ತಾಯಿತು. ತವರಿನವರು ಕುಬಸ ಮಾಡಿ, ದೀಪಾವಳಿ ಅಮವಾಸ್ಯೆ ಆದ ಮೇಲೆ ಬಾಣಂತನಕ್ಕೆ ಕರೆದೊಯ್ಯುವುದೆಂದು ಮಾತಾಯಿತು. ಮನೆ ಸಾರಿಸಬೇಕಲ್ಲ. ಗುರುಸಿದ್ದವ್ವನ ಅಣ್ಣ ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿದ್ದ. ಒಂದು ಚಕ್ಕಡಿ ಒಳ್ಳೆಯ ಮಣ್ಣು ಕಳಿಸಿದ. ಅವಳು ಅದನ್ನು ಹೊಟ್ಟು ಸಗಣಿ ಹಾಕಿ ಕೊಳೆಸಿ, ತುಳಿದು, ಪಡಸಾಲೆ ನಡುಮನೆ ಎಲ್ಲ ಮೆತ್ತಿದಳು. ಸೊಸೆಗೆ ಬಗ್ಗಲು ಬಿಡಲಿಲ್ಲ.

ಕಾಳಿನ ಕೋಣೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಗಂಡಸರು ಅಂಗಡಿಗೆ ಹೋಗಿ, ಗೌರಾಬಾಯಿ ಸಾರಿಸಲೆಂದು ಚಾವಿ ಕೊಟ್ಟು ಸಬೀರಾಳ ಮನೆಗೆ ಹೋದ ಹೊತ್ತು ನೋಡಿ ಹಿತ್ತಿಲ ಗೂಡಿನಿಂದ ಡಬ್ಬಿ ಇಳಿಸಿದಳು. ಉಳಿದ ಪುಡಿಯೆಲ್ಲ ಮಣ್ಣಿಗೆ ಸುರಿದು ಕಲಸಿದಳು. ಮೊಣಕಾಲ ಮಟ ಸಾಲದು, ಮೇಲೂ ಬೇಕು. ಇನ್ನೊಮ್ಮೆ ಒಂದು ಹುಳ ಆ ಗೋಡೆ ಹತ್ತಿತೆಂದರೆ ತನ್ನ ಬಾಳೇ ಹೋಯಿತು ಎಂಬುದು ಅವಳ ಲೆಕ್ಕ. ಎಣ್ಣೆಯ ಡಬ್ಬ ಬೋರಲು ಹಾಕಿ, ಅದರ ಮೇಲೆ ಹತ್ತಿ ತೊಲೆಯ ತನಕ ಮೆತ್ತಿದಳು. ಕೈ ಉರಿಯಿತು, ಸೀಗೆಪುಡಿ ಹಚ್ಚಿ ಎರಡು ಸಲ ತೊಳೆದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ, ಇಷ್ಟು ದಿನ ಎಲ್ಲಿ ಹೋಗಿತ್ತು ಈ ಶಾಣ್ಯಾತನ ಎಂದು ಯಜಮಾನ ಸೊಸೆಯ ಮೂಲಕ ಹೇಳಿ ಕಳಿಸುತ್ತಿದ್ದ. ಗೌರಾಬಾಯಿಗೆ ಇದೆಲ್ಲ ತಿಳಿದದ್ದು ಆಮೇಲೆ.

ಕುಬಸದ ದಿನ ಟಿಕೋಟಾ ಬಸ್ಸಿಳಿದು ತಾಯಿ ದುಂಡವ್ವ ಬಂದಳು. ಬುಟ್ಟಿ ತುಂಬ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ, ಮಾದಲಿ. ಹಸಿರು ಬಳೆ ಇಟ್ಟರು, ಕುಬಸ ತೊಡಿಸಿದರು, ಹಾಡಿದರು. ಗುರಲಿಂಗಪ್ಪನೂ ಅಂದು ಮೆತ್ತಗಾಗಿ, ಹೋಳಿಗೆಗೆ ತುಪ್ಪ ಹಾಕಲು ಬಂದ ಹೆಂಡತಿಗೆ ನೇರವಾಗಿಯೇ "ಸಾಕು" ಎಂದ. ಎಷ್ಟೋ ವಾರಗಳ ಮೇಲೆ ಬಂದ ಆ ಒಂದು ಮಾತಿಗೆ ಗುರುಸಿದ್ದವ್ವ ಇನ್ನೊಂದು ಚಮಚ ತುಪ್ಪ ಹಾಕಿಯೇಬಿಟ್ಟಳು.

"ಗೌರಾ, ಒಳಗಿಂದ ಬೆಲ್ಲದ ಪೆಂಟಿ ತಗೊಂಡು ಬಾ," ಎಂದಳು ಅವಳು, ಮುಖ ಮರೆಸಿಕೊಳ್ಳುತ್ತ.

ಕಾಳಿನ ಕೋಣೆಯ ಬಾಗಿಲು ತೆರೆದರೆ ಹೊಸ ಮಣ್ಣಿನ ವಾಸನೆ ಎದುರು ಬಂದು ನಿಂತಿತು. ಮುಗ್ಗು ನಾತವೂ ಇತ್ತು. ಅದು ಆಗಿನಿಂದ ಇದ್ದದ್ದೇ. ವಿಷ ಮೊಣಕಾಲ ಮಟ, ಕೆಳಗೆ. ಇದು ಜೈನಾಪುರದ ಮಣ್ಣು, ಅತ್ತೆ ಕುಬಸಕ್ಕೆಂದು ಮೆತ್ತಿದ್ದು. ಅವಳು ತನ್ನ ಎದೆಯ ಮಟದಲ್ಲಿ ಮಣ್ಣಿನ ಒಂದು ಹಕ್ಕಳೆ ಎಬ್ಬಿಸಿ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಕಹಿ ಇತ್ತು. ಬೇವಿನ ಸೊಪ್ಪು ಹಾಕಿರಬೇಕು ಎಂದುಕೊಂಡಳು. ಬೆಲ್ಲ ತೆಗೆದುಕೊಂಡು ಹೊರಗೆ ಬಂದಾಗ ದುಂಡವ್ವ ಮಗಳ ಮುಖ ನೋಡಿ, "ಈಗ ನೋಡ್ರಿ ಬೀಗತಿ, ಮಾರಿಗೆ ಕಳಾ ಬಂತು" ಎಂದಳು.

"ಈಗಽ ಕರಕೊಂಡು ಹೋಗತೇನ್ರಿ," ಎಂದೂ ಕೇಳಿದಳು. ಗುರಲಿಂಗಪ್ಪ ಒಪ್ಪಲಿಲ್ಲ. "ಮಾತಾದಂಗ ಅಮವಾಸಿ ಆಗಲಿ. ಹಬ್ಬದಾಗ ಮನಿ ಬಣಬಣ ಮಾಡಬ್ಯಾಡ್ರಿ."

ಆ ವಾರವೆಲ್ಲ ಚಾವಿ ಗೌರಾಬಾಯಿಯ ಸೆರಗಿನಲ್ಲೇ ಇತ್ತು. ವಾರಗಟ್ಟಲೆ ಕಟ್ಟಿಹಾಕಿದ್ದ ಆಸೆ ಹಗ್ಗ ಹರಿದುಕೊಂಡಂತಾಗಿತ್ತು. ಹೊತ್ತಿಗೊಂದು ಚೂರು, ಕೆಲಸಕ್ಕೊಂದು ಚೂರು. ತಲೆನೋವು ಬಂತು, ಬಿಸಿಲು ಎಂದರು. ವಾಂತಿಯಾಯಿತು, ಕುಬಸದ ಹೋಳಿಗೆ ತುಪ್ಪ ಎಂದರು. ಬೆರಳು ತಾವೇ ಜಿಗಿಯುತ್ತಿದ್ದವು; ಅದನ್ನು ಅವಳು ಯಾರಿಗೂ ತೋರಿಸಲಿಲ್ಲ.

ಅಮವಾಸ್ಯೆಗೆ ಇನ್ನೂ ದಿನಗಳಿದ್ದವು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳ ಕೈ ಹಿಟ್ಟಿನ ಮೇಲೆ ತಾಳ ತಪ್ಪಿತು. ಗುರುಸಿದ್ದವ್ವ, "ಏ ಗೌರಾ, ರೊಟ್ಟಿ ಹರದೈತಿ ನೋಡು," ಎನ್ನುವಷ್ಟರಲ್ಲಿ ಅವಳು ಒಂದು ಕಡೆಗೆ ವಾಲಿ ಬಿದ್ದಳು. ಕಣ್ಣು ಮೇಲಾಗಿ ಮೈಯೆಲ್ಲ ಸೆಟೆದು ಕೊಡಹತೊಡಗಿತು. ಗುರುಸಿದ್ದವ್ವ ಅವಳನ್ನು ಒಲೆಯಿಂದ ಈಚೆ ಎಳೆದು ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಳು. ಸಬೀರಾಳ ಗಂಡ ಟಾಂಗಾ ಹೂಡಿಕೊಂಡು ಬಂದ. ದವಾಖಾನೆ ಮುಟ್ಟುವುದರೊಳಗೆ ಇನ್ನೆರಡು ಸಲ ಹಾಗೇ ಆಯಿತು.

ಕೂಸು ಹೊರಗೆ ಬರುವಾಗಲೇ ಜೀವವಿರಲಿಲ್ಲ. ಹೆಣ್ಣು. ತಲೆ ತುಂಬ ಕೂದಲಿತ್ತು.

ಗೌರಾಬಾಯಿಗೆ ಪೂರ್ತಿ ಎಚ್ಚರ ಬಂದ ಮೇಲೆ ಡಾಕ್ಟರು ಮಂಚದ ಹತ್ತಿರ ಬಂದು ಕೇಳಿದರು. "ಏನು ತಿಂದಿದ್ದೆ? ಹೇಳವ್ವ, ಹೆದರಬೇಡ."

ಗುರುಸಿದ್ದವ್ವ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಬಸಗೊಂಡಪ್ಪ ಕಿಟಕಿಯ ಹತ್ತಿರ.

"ಮಣ್ಣು," ಎಂದಳು ಗೌರಾಬಾಯಿ.

"ಎಲ್ಲಿಯ ಮಣ್ಣು?"

"ಕಾಳಿನ ಕೋಣೀದು. ಕೆಳಗಿಂದು ಅಲ್ರಿ. ಕೆಳಗ ವಿಷ ಐತಿ ಅಂತ ನನಗ ಗೊತ್ತಿತ್ತು. ಮ್ಯಾಲಿಂದು."

ಗುರುಸಿದ್ದವ್ವ ಬಟ್ಟಲನ್ನು ಸ್ಟೂಲಿನ ಮೇಲೆ ಇಟ್ಟಳು. ಡಾಕ್ಟರು ಪುಡಿಯ ಹೆಸರು ಕೇಳಿಕೊಂಡು, ಅದರಿಂದಲೇ ಎಂದು ಖಾತ್ರಿ ಹೇಳಲಾಗದು, ಆದರೆ ಅಂಥ ವಿಷ ಹೊಟ್ಟೆಗೆ ಹೋದರೆ ಹೀಗೇ ಆಗುತ್ತದೆ ಎಂದರು.

ಗೌರಾಬಾಯಿಯನ್ನು ಮನೆಗೆ ತಂದ ದಿನವೇ ಜಗಳ ಎದ್ದಿತು. ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬಸಗೊಂಡಪ್ಪ ತಾಟಿನ ಮುಂದೆ ಕೂತವನು ತಮ್ಮನ ಕಡೆ ನೋಡುತ್ತಲೇ ತಾಟು ದೂಡಿದ.

"ಲೇ ಸಿದ್ದ್ಯಾ, ಮೊಣಕಾಲ ಮಟ ಅಂದಿದ್ದಿ. ಮ್ಯಾಲೆ ಹೆಂಗ ಬಂತು?"

"ನೀನೂ ಇದ್ದೆಲ್ಲ ಅಣ್ಣ. ನಾ ಹಚ್ಚಿದ್ದಷ್ಟಽ."

"ನಾ ಅಂಗಡಿಗೆ ಹೋದ ಮ್ಯಾಲೆ ಮತ್ತ ಹಚ್ಚಿರಬೇಕು. ಶಾಣ್ಯಾ ಆಗಾಕ ಹೋಗಿ. ನಿನ್ನ ಅಂಗಡಿ ವಿಷ ನಮ್ಮ ಮನಿಗೆ ತಂದಾಂವ ನೀನು. ನಾಳಿಂದ ನೀ ಈ ಮನ್ಯಾಗ ಇರಬ್ಯಾಡ."

"ಡಬ್ಬಿ ಗೂಡಿನ್ಯಾಗ ಐತಿ, ನೋಡ ಬೇಕಾರ." ಸಿದ್ದರಾಯ ಎದ್ದು ಹಿತ್ತಿಲಿಗೆ ಹೋಗಿ ಬಂದ. ಅವನ ಕೈಯಲ್ಲಿ ಬರಿದಾದ ಡಬ್ಬಿ ಇತ್ತು.

"ಅವನಿಗೆ ಅನಬ್ಯಾಡೋ," ಎಂದಳು ಗುರುಸಿದ್ದವ್ವ ಒಲೆಯ ಮುಂದಿನಿಂದ. "ನಾನಽ ಮೆತ್ತೀನಿ. ಕುಬಸದ ಮುಂದ. ತೊಲಿ ಮಟ."

ಗುರಲಿಂಗಪ್ಪ ಬಾಯಲ್ಲಿದ್ದ ತುತ್ತು ನುಂಗಿಕೊಂಡ. "ಹುಳದ ಹಾದಿ ಕಾಣದಾಕಿ, ಪುಡಿ ಹಚ್ಚಾಕ ಕಣ್ಣು ಬಂದುವೇನು?"

"ಮಾವಾರ," ಎಂದಳು ಗೌರಾಬಾಯಿ ಹಾಸಿಗೆಯಿಂದ. ಅವಳ ದನಿ ಅಷ್ಟು ಸಣ್ಣದಾಗಿದ್ದರೂ ಎಲ್ಲರಿಗೂ ಕೇಳಿಸಿತು. "ಆ ಹಾದಿ ಅವರಿಗೆ ಕಾಣಾಕ ನಾ ಬಿಟ್ಟಿಲ್ರಿ. ದಿನಾ ನಾನಽ ಕೆರದು ತಿಂತಿದ್ದೆ."

ಗುರುಸಿದ್ದವ್ವ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು. ಬೈಯುತ್ತಾಳೆಂದು ಗೌರಾಬಾಯಿ ಕಾದಳು. ಬೈದಿದ್ದರೆ ಆಕೆಗೂ ಈಕೆಗೂ ಹಗುರಾಗುತ್ತಿತ್ತು.

"ಅವತ್ತಽ ಹೇಳಿದ್ರ," ಎಂದಳು ಮುದುಕಿ, "ಎರಡು ಮಾತು ಬೈತಿದ್ದೆ. ಅಷ್ಟಽ."

ಮುಂದಿನದು ಇಬ್ಬರಿಗೂ ಗೊತ್ತಿತ್ತು.

ಮಗಳನ್ನು ಕರೆದೊಯ್ಯಲು ದುಂಡವ್ವ ಬಂದಾಗ ಮಾತಾಡಿಸಲು ಬಂದವರು ಇನ್ನೂ ಇದ್ದರು. ಗೌರಾಬಾಯಿ ಸೆರಗಿನಿಂದ ಚಾವಿ ಬಿಚ್ಚಿ ಗಂಡನ ಮುಂದೆ ಇಟ್ಟಳು.

"ಆ ಗೋಡಿ ಹಂಗಽ ಇದ್ರ ನಾ ತಿರುಗಿ ಬರೂದಿಲ್ರಿ."

"ಗೋಡಿ ಏನ ಮಾಡೀತು ಈಗ?" ಎಂದ ಗುರಲಿಂಗಪ್ಪ. "ಹೋದ ಕೂಸು ಬರತೈತೇನು? ಪುಡಿ ತಗದ್ರ ಮತ್ತ ಒರಲಿ ಹತ್ತತಾವು. ತೊಲಿ ಹೋದ್ರ ಮನಿ ಹೋತು. ಎಲ್ಲಿ ಮಲಗತೀರಿ?"

ಬಸಗೊಂಡಪ್ಪ ತಂದೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಚಾವಿ ನೋಡಿದ. ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡವಳು ಗುರುಸಿದ್ದವ್ವ. ಅವಳು ಕಾಳಿನ ಕೋಣೆಗೆ ಹೋಗಿ ಬಾಗಿಲು ತೆರೆದು, ಅದೇ ಡಬ್ಬದ ಮೇಲೆ ಹತ್ತಿ, ಕುರ್ಪಿಯಿಂದ ತೊಲೆಯ ಬುಡದಿಂದಲೇ ಕೆರೆಯಲು ಹಿಡಿದಳು. ಮುದುಕ ಬಾಗಿಲಲ್ಲಿ ನಿಂತು ಕೂಗಾಡಿದ. "ಮನಿ ಕೆಡವಾಕತ್ತೀಯೇನ?" ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಸಿದ್ದರಾಯ ಒಳಗೆ ಬಂದು ಕುರ್ಪಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಬುಟ್ಟಿ ಹಿಡಿಯಲಷ್ಟೇ ಬಿಟ್ಟಳು.

ಹೊತ್ತು ಇಳಿಯುವುದರೊಳಗೆ ಮಣ್ಣು ಬುಟ್ಟಿಗಳಲ್ಲಿ ತುಂಬಿ ಅಂಗಳಕ್ಕೆ ಬಂತು. ಗುರುಸಿದ್ದವ್ವ ಒಂದು ಬುಟ್ಟಿ ಎತ್ತಿಕೊಂಡು ಹಿತ್ತಿಲ ತಿಪ್ಪೆಯ ತನಕ ಹೋದಳು, ನಿಂತಳು.

"ಯವ್ವ, ಅಲ್ಲಿ ಬ್ಯಾಡ," ಎಂದ ಸಿದ್ದರಾಯ. "ತಿಪ್ಪಿ ಗೊಬ್ಬರ ಹೊಲಕ್ಕ ಹೋಗತೈತಿ."

ತಿರುಗಿ ಬಂದು ಓಣಿಯ ಬಾಗಿಲಿಗೆ ಹೋದಳು. ಅಲ್ಲಿ ಸಬೀರಾಳ ಕೋಳಿಗಳು ನೆಲ ಕೆದಕುತ್ತಿದ್ದವು. ಅವಳ ಮಗು ಓಡಾಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಟ್ಟುಕೊಳ್ಳುತ್ತಿತ್ತು. ಬಾವಿಯ ಕಡೆ ನೋಡಿದಳು. ನೋಡಿ ತಾನೇ ತಲೆ ಅಲ್ಲಾಡಿಸಿದಳು.

"ಎಲ್ಲಿ ಚೆಲ್ಲಲೋ ಇದನ್ನ?" ಎಂದು ಕೇಳಿದಳು.

ಸಿದ್ದರಾಯ ಓಣಿಯ ಆ ತುದಿ ಈ ತುದಿ ನೋಡಿದ. ಟಿಕೋಟಾ ಬಸ್ಸಿಗೆ ಹೊತ್ತಾಯಿತೆಂದು ದುಂಡವ್ವ ಗಂಟು ಎತ್ತಿಕೊಂಡಳು. ಗೌರಾಬಾಯಿ ತಾಯಿಯ ಹೆಗಲು ಹಿಡಿದು ಅಂಗಳ ದಾಟುವಾಗ, ಅತ್ತೆ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಇನ್ನೂ ನಿಂತೇ ಇದ್ದಳು, ಇಳಿಸಲು ಜಾಗ ಸಿಗದೆ.